ಬೋರ್ಡಿಲ್ಲದ ಮನೆಯಲ್ಲಿ ಚಹಾ

ಡೆಸ್ಮಂಡ್ ಪಾಬ್ಜಾಯ್‌ನ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಬಂದದ್ದನ್ನು ಕೇಳಿದವರು ಇಂಗ್ಲೆಂಡಿನ ಸ್ವಿಂಡನ್ ಪಟ್ಟಣದಲ್ಲಿ ಒಬ್ಬರೂ ಇರಲಿಲ್ಲ. ಕಾರ್ಪೆಟ್ ಅಂಗಡಿಯಲ್ಲಿ ಗಿರಾಕಿಗಳು ಏನು ಕೇಳಿದರೂ “ಅದೇ ತಾನೆ? ಒಳಗಿದೆ” ಎಂದು ಹೇಳಿ ಹೇಳಿ ಪಳಗಿದ ನಾಲಿಗೆ ಅದು. ರಸ್ತೆಯಲ್ಲಿ ಯಾರಾದರೂ ದಾರಿ ಕೇಳಿದರೆ ನಿಂತು, ಕೈ ಬೀಸಿ, ಎಡಕ್ಕೆ ಬಲಕ್ಕೆ ತಿರುಗಿಸಿ ದಾರಿ ಹೇಳುತ್ತಿದ್ದ. ಆ ದಾರಿ ಹಿಡಿದು ಹೋದವರಲ್ಲಿ ಒಬ್ಬರಾದರೂ ವಾಪಸ್ಸು ಬಂದು ಜಗಳ ತೆಗೆದದ್ದಿಲ್ಲ. ಆದ್ದರಿಂದ ಎಲ್ಲರೂ ಸುಖವಾಗಿ ತಲುಪಿದ್ದಾರೆಂದೇ ಅವನು ತಿಳಿದಿದ್ದ.

ಇಂಥವನಿಗೆ ದೇವರು ಕಿರಿಯ ನಾದಿನಿಯನ್ನಲ್ಲ, ಹೆಂಡತಿಯ ಅಕ್ಕನನ್ನು ಕೊಟ್ಟಿದ್ದ. ಪ್ರೂಡೆನ್ಸ್ ಹುಡುಗಿಯರ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಆಕೆ ಕನ್ನಡಕದ ಮೇಲಿಂದ ನೋಡಿದರೆ ತಪ್ಪು ಮಾಡದವರೂ ತಪ್ಪೊಪ್ಪಿಕೊಳ್ಳುತ್ತಿದ್ದರು. ಬೇಸಿಗೆಗೆ ಒಂದು ವಾರ ತಂಗಿಯ ಮನೆಗೆ ಬಂದು ಕೂತಿದ್ದ ಆಕೆ, ಶನಿವಾರ ಬೆಳಗ್ಗೆ ಟೋಸ್ಟಿಗೆ ಬೆಣ್ಣೆ ಸವರುತ್ತ ನಿಟ್ಟುಸಿರು ಬಿಟ್ಟಳು.

“ಹಳ್ಳಿಗಳು ಈಗ ಹಳ್ಳಿಗಳಾಗಿ ಎಲ್ಲಿ ಉಳಿದಿವೆ? ಎಲ್ಲಿ ಹೋದರೂ ಕಾಗದದ ಲೋಟದಲ್ಲಿ ಚಹಾ. ಬಸ್ಸಿಗೆ ಕ್ಯೂ ನಿಂತ ಹಾಗೆ ನಿಂತು ಕುಡೀಬೇಕು.”

“ಅದು ಗೊತ್ತಿಲ್ಲದೋರಿಗೆ, ಪ್ರೂಡೆನ್ಸ್,” ಎಂದ ಡೆಸ್ಮಂಡ್. “ಲಿಟಲ್ ಡ್ಯಾಬ್‌ಕೋಟ್‌ನಲ್ಲಿ ನನಗೆ ಗೊತ್ತಿರೋ ಒಂದು ಮನೆ ಇದೆ. ತೋಟದಲ್ಲಿ ಮೇಜು, ಪಿಂಗಾಣಿ ಕಪ್ಪು, ಮನೇಲೇ ಮಾಡಿದ ಕೇಕು. ಬೋರ್ಡು ಗೀರ್ಡು ಏನೂ ಹಾಕಿಲ್ಲ. ಗೊತ್ತಿದ್ದವರು ಮಾತ್ರ ಹೋಗ್ತಾರೆ.”

ಅವನ ಹೆಂಡತಿ ಮ್ಯೂರಿಯಲ್ ಗಂಡನ ಮುಖ ನೋಡಿದಳು. ಮೂವತ್ತು ವರ್ಷ ಸಂಸಾರ ಮಾಡಿದವಳು. ಆ ಮನೆ ಈ ಭೂಮಿಯ ಮೇಲೆ ಇಲ್ಲವೆಂದು ಅವಳಿಗೆ ಆ ಕ್ಷಣವೇ ತಿಳಿಯಿತು. ಆದರೆ ಅಕ್ಕನೆದುರು ಗಂಡನ ಮಾನ ಕಳೆಯುವುದು ಹೇಗೆ? “ಹೌದಕ್ಕಾ, ಚೆನ್ನಾಗಿದೆಯಂತೆ,” ಎಂದಳು.

ಅವರ ನಾಯಿ ರೂಫಸ್‌ನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಮೂವರೂ ಕಾರು ಹತ್ತಿದರು. ಪ್ರೂಡೆನ್ಸ್‌ಗೆ ನಾಯಿಗಳೆಂದರೆ ಅಷ್ಟಕ್ಕಷ್ಟೆ. ರೂಫಸ್‌ಗೂ ಪ್ರೂಡೆನ್ಸ್ ಎಂದರೆ ಅಷ್ಟಕ್ಕಷ್ಟೆ.

ಲಿಟಲ್ ಡ್ಯಾಬ್‌ಕೋಟ್ ಚೆಂದದ ಊರು, ಅದರಲ್ಲಿ ಎರಡು ಮಾತಿಲ್ಲ. ಜೇನಿನ ಬಣ್ಣದ ಕಲ್ಲಿನ ಮನೆಗಳು, ಹುಲ್ಲಿನ ಸೂರು, ಊರ ನಡುವೆ ಮೊಣಕಾಲುದ್ದದ ಹಳ್ಳ, ಅದರಲ್ಲಿ ಪಂಚಾಯ್ತಿ ಸದಸ್ಯರ ಗತ್ತಿನಲ್ಲಿ ತೇಲುವ ಬಾತುಕೋಳಿಗಳು. ಮೂವರೂ ಆರಾಮವಾಗಿ ಅಡ್ಡಾಡಿದರು. ಚರ್ಚು ನೋಡಿದರು. ಸೇತುವೆ ಮೇಲೆ ನಿಂತು ನೀರು ನೋಡಿದರು. ಯಾರದೋ ಬೇಲಿಯ ಮೇಲಿನ ಗುಲಾಬಿಯನ್ನು ಮೂಸಿದರು. ಇದ್ದ ಒಂದೇ ಚಹಾದಂಗಡಿಯ ಬಾಗಿಲ ಮೇಲೆ ‘ಇಂದು ರಜೆ’ ಎಂದಿತ್ತು. ಪಬ್ಬಿನಲ್ಲಿ ಕೇಳಿದರೆ ಅಡುಗೆಯವನು ಒಲೆ ಆರಿಸಿ ಮೀನು ಹಿಡಿಯಲು ಹೋಗಿದ್ದಾನೆಂದರು.

“ನೀನು ಹೇಳಿದ ಮನೆ ಎಲ್ಲಿ ಡೆಸ್ಮಂಡ್?” ಎಂದಳು ಪ್ರೂಡೆನ್ಸ್. “ಈ ಬೀದೀಲಿ ಮೂರು ಸಲ ಹೋಗಿ ಬಂದಾಯ್ತು. ಆ ಬಾತುಕೋಳಿಗಳಿಗೂ ನನ್ನ ಗುರುತು ಸಿಕ್ತು.”

“ಇಲ್ಲೇ, ಇಲ್ಲೇ. ಬೋರ್ಡಿಲ್ಲವಲ್ಲ, ಅದಕ್ಕೆ ಸ್ವಲ್ಪ...” ಎನ್ನುತ್ತ ಡೆಸ್ಮಂಡ್ ಬೆವರು ಒರೆಸಿಕೊಂಡು ಒಂದು ಓಣಿಗೆ ತಿರುಗಿದ. ತಿರುಗಿದವನು ಹಾಗೇ ನಿಂತ.

ಎದುರಿಗೆ ಒಂದು ಮನೆ. ಮನೆಯ ಮುಂದೆ ತೋಟ. ತೋಟದಲ್ಲಿ ಸೇಬಿನ ಮರದ ಕೆಳಗೆ ಬಿಳಿಯ ಬಟ್ಟೆ ಹಾಸಿದ ಉದ್ದನೆಯ ಮೇಜು. ಮೇಜಿನ ಮೇಲೆ ಪಿಂಗಾಣಿ ಕಪ್ಪುಗಳು, ಮೂರಂತಸ್ತಿನ ತಟ್ಟೆ, ಬಲೆ ಮುಚ್ಚಿದ ಕೇಕುಗಳು. ಬೋರ್ಡು ಮಾತ್ರ ಎಲ್ಲೂ ಇರಲಿಲ್ಲ.

“ನೋಡಿ!” ಎಂದ ಡೆಸ್ಮಂಡ್. ಎಲ್ಲರಿಗಿಂತ ಹೆಚ್ಚು ಆಶ್ಚರ್ಯವಾದದ್ದು ಅವನಿಗೇ.

ಮ್ಯೂರಿಯಲ್ ಗೇಟಿನ ಮೇಲೆ ಕೈಯಿಟ್ಟು, ಸಮಾಧಾನದಿಂದ ಕಣ್ಣು ತುಂಬಿಕೊಂಡು, “ಅಯ್ಯೋ, ನಮ್ಮ ರೂಫಸ್ ಇರಬೇಕಿತ್ತು ಇಲ್ಲಿ!” ಎಂದಳು.

ಅನಾಹುತವೆಲ್ಲ ಆ ಒಂದು ಮಾತಿನಿಂದ ಆಯಿತು. ಏಕೆಂದರೆ ಅದೇ ಹೊತ್ತಿಗೆ ಆ ಮನೆಯ ಯಜಮಾನಿ ಹೆಸ್ಟರ್ ಟ್ಯಾಪ್ಸ್‌ಕಾಟ್ ಕೆಟಲು ಹಿಡಿದು ಬಾಗಿಲಿಗೆ ಬಂದಿದ್ದರು. ಅವರ ಒಬ್ಬಳೇ ಮಗಳು ರೋವೆನಾ, ರೂಫಸ್ ಎಂಟ್‌ವಿಸಲ್ ಎಂಬ ಹುಡುಗನನ್ನು ಮೆಚ್ಚಿದ್ದಳು. ಹುಡುಗನ ತಂದೆತಾಯಿ ಆ ದಿನ ಮೊದಲ ಬಾರಿಗೆ ಬೀಗರ ಮನೆಗೆ ಚಹಾಕ್ಕೆ ಬರುವವರಿದ್ದರು. ರೋವೆನಾ ಹುಡುಗನನ್ನು ಕರೆತರಲು ರೈಲ್ವೆ ಸ್ಟೇಷನ್ನಿಗೆ ಹೋಗಿದ್ದಳು. ಹೋಗುವಾಗ ತಾಯಿಗೆ ಬೆರಳು ತೋರಿಸಿ ಎಚ್ಚರಿಸಿದ್ದಳು: “ಅಮ್ಮಾ, ಅವರು ತುಂಬಾ ಸಂಕೋಚದೋರು. ನಾನು ಬರೋ ತನಕ ಮದುವೆ ಮಾತು ಎತ್ತಬೇಡ. ಬರೀ ರೂಫಸ್ ಬಗ್ಗೆ ಮಾತಾಡ್ತಾ ಇರು.”

“ಬಂದ್ರಾ! ಬನ್ನಿ ಬನ್ನಿ ಬನ್ನಿ!” ಎಂದು ಮಿಸೆಸ್ ಟ್ಯಾಪ್ಸ್‌ಕಾಟ್ ಕೆಟಲಿನ ಸಮೇತ ಓಡಿ ಬಂದರು. “ದಾರಿ ಕಷ್ಟ ಆಗಲಿಲ್ಲ ತಾನೆ? ಅತ್ತೆಯವರೂ ಬಂದಿದ್ದಾರೆ, ಎಷ್ಟು ಸಂತೋಷ! ಆಂಬ್ರೋಸ್, ಬಂದ್ರು ಕಣ್ರೀ!”

‘ಅತ್ತೆಯವರು’ ಅಂದದ್ದು ಪ್ರೂಡೆನ್ಸ್‌ಗೆ, ಹುಡುಗನ ಸೋದರತ್ತೆ ಇರಬೇಕೆಂದುಕೊಂಡು. ಬೀಗರ ಹೆಸರನ್ನು ರೋವೆನಾ ಹೇಳಿದ್ದಳು. ಮಿಸೆಸ್ ಟ್ಯಾಪ್ಸ್‌ಕಾಟ್ ಗಡಿಬಿಡಿಯಲ್ಲಿ ಮರೆತಿದ್ದರು. ಬೀಗರನ್ನೇ “ನಿಮ್ಮ ಹೆಸರೇನು?” ಎಂದು ಕೇಳುವುದಕ್ಕಿಂತ ಇಂಗ್ಲೆಂಡಿನ ಮರ್ಯಾದಸ್ಥ ಹೆಂಗಸು ಹಳ್ಳಕ್ಕೆ ಹಾರುವುದನ್ನು ಮೇಲೆಂದು ಎಣಿಸುತ್ತಾಳೆ.

“ನೋಡಿದ್ರಾ ಹಳ್ಳಿಯ ಆದರ?” ಎಂದು ಡೆಸ್ಮಂಡ್ ಪ್ರೂಡೆನ್ಸ್‌ಳ ಕಿವಿಯಲ್ಲಿ ಹೇಳಿದ. “ನನ್ನ ನೆನಪಿದೆ ಅವರಿಗೆ.”

ಪ್ರೂಡೆನ್ಸ್ ಕುರ್ಚಿ ಎಳೆದುಕೊಂಡು ಕೂತಳು. ಆಂಬ್ರೋಸ್ ಟ್ಯಾಪ್ಸ್‌ಕಾಟ್ ಬಂದು ತಮ್ಮ ಹೆಸರು ಹೇಳಿ ಎಲ್ಲರ ಕೈ ಕುಲುಕಿದರು. ಅವರು ನಲವತ್ತು ವರ್ಷ ಚರ್ಚಿನ ಗಂಟೆ ಬಾರಿಸಿದವರು. ಈಗ ಅವರ ಕಿವಿಗೆ ಗಂಟೆಯ ಹೊರತು ಬೇರೇನೂ ಸರಿಯಾಗಿ ಕೇಳುತ್ತಿರಲಿಲ್ಲ.

ಸೌತೆಕಾಯಿ ಸ್ಯಾಂಡ್‌ವಿಚ್ ಬಂತು. ಬೆಚ್ಚಗಿನ ಸ್ಕೋನ್ ಎಂಬ ಪುಟ್ಟ ಬನ್ನು ಬಂತು, ಅದಕ್ಕೆ ಸ್ಟ್ರಾಬೆರಿ ಜಾಮು, ಕೆನೆ. ನಿಂಬೆಯ ಕೇಕು, ಅಕ್ರೋಟಿನ ಕೇಕು, ಶುಂಠಿಯ ಕೇಕು. ‘ಇದೆಲ್ಲ ನಾವು ಕೇಳೇ ಇಲ್ಲವಲ್ಲ’ ಎಂದು ಮ್ಯೂರಿಯಲ್‌ಗೆ ಗಾಬರಿಯಾಗಿ ಗಂಡನ ಕಿವಿಯಲ್ಲಿ ಉಸುರಿದಳು. “ಇಲ್ಲಿ ಕೇಳೋ ಪದ್ಧತಿ ಇಲ್ಲ,” ಎಂದ ಡೆಸ್ಮಂಡ್, ಗತ್ತಿನಿಂದ.

ಮಿಸೆಸ್ ಟ್ಯಾಪ್ಸ್‌ಕಾಟ್ ಕಪ್ಪಿಗೆ ಚಹಾ ಬಗ್ಗಿಸಿ, ಮಗಳ ಮಾತು ನೆನೆದು, ಅಕ್ಕರೆಯಿಂದ ಕೇಳಿದರು: “ರೂಫಸ್ ಹೇಗಿದ್ದಾನೆ? ಅವನ ವಿಚಾರ ಹೇಳಿ. ಚಿಕ್ಕವನಿದ್ದಾಗ ಹೇಗಿದ್ದ?”

ಆ ನಾಡಿನಲ್ಲಿ ಹೆಂಡತಿ ಹೇಗಿದ್ದಾಳೆಂದು ಕೇಳಲು ಮರೆತರೂ ನಾಯಿ ಹೇಗಿದೆಯೆಂದು ಕೇಳಲು ಯಾರೂ ಮರೆಯುವುದಿಲ್ಲ. ಆದ್ದರಿಂದ ಡೆಸ್ಮಂಡ್‌ಗೆ ಇದು ಒಂದಿಷ್ಟೂ ವಿಚಿತ್ರವೆನಿಸಲಿಲ್ಲ. ಬದಲಿಗೆ ಅವನ ಎದೆ ಉಬ್ಬಿತು.

“ಚಿಕ್ಕವನಿದ್ದಾಗ ಮುದ್ದು ಅಂದ್ರೆ ಮುದ್ದು! ನಾವು ನೋಡೋಕೆ ಹೋದಾಗ ಒಂದು ರಟ್ಟಿನ ಪೆಟ್ಟಿಗೇಲಿ ಆರು ಜನ ಇದ್ರು. ಇವನೊಬ್ಬನೇ ತೆವಳಿಕೊಂಡು ಬಂದು ನನ್ನ ಬೂಟು ನೆಕ್ಕಿದ. ಇವನೇ ಇರಲಿ ಅಂತ ತಂದ್ವಿ.”

ಮಿಸೆಸ್ ಟ್ಯಾಪ್ಸ್‌ಕಾಟ್‌ರ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು. “ಅಂದ್ರೆ... ಸಾಕಿಕೊಂಡಿದ್ದು?”

“ಮತ್ತೆ! ಹೆತ್ತವರು ಯಾರೋ ಏನೋ. ತಾಯಿ ಒಳ್ಳೇ ಮನೆತನದವಳಂತೆ. ಅಪ್ಪ ಮಾತ್ರ ಬೇಲಿ ಹಾರಿ ಬಂದವನು ಅಂತ ಊರೆಲ್ಲ ಹೇಳುತ್ತೆ.”

“ಈ ವಿಷಯ... ಅವನಿಗೆ ಗೊತ್ತಾ?”

“ಅವನಿಗೆಲ್ಲಿ ಅರ್ಥ ಆಗುತ್ತೆ!” ಎಂದು ನಕ್ಕ ಡೆಸ್ಮಂಡ್.

ಪಕ್ಕದ ಮನೆಯ ಮಿಸ್ ಕ್ರಂಪ್ ಆಗಲೇ ಬೇಲಿಯ ಗಿಡ ಕತ್ತರಿಸಲು ಬಂದಿದ್ದರು. ಕತ್ತರಿ ಆಡುತ್ತಿದ್ದ ಸದ್ದು ಸಟ್ಟನೆ ನಿಂತಿತು.

ಮಿಸೆಸ್ ಟ್ಯಾಪ್ಸ್‌ಕಾಟ್ ದೊಡ್ಡ ಮನಸ್ಸಿನವರು. ‘ಸಾಕುಮಗನಾದರೇನು, ಚೆನ್ನಾಗಿ ಸಾಕಿದ್ದಾರಲ್ಲ’ ಎಂದುಕೊಂಡು ಸುಧಾರಿಸಿಕೊಂಡರು. “ಊಟ ತಿಂಡಿ ಎಲ್ಲ ಹೇಗೆ? ಅವನಿಗೆ ಏನಿಷ್ಟ?”

“ಏನು ಹಾಕಿದ್ರೂ ತಿಂತಾನೆ,” ಎಂದಳು ಮ್ಯೂರಿಯಲ್. “ಆದ್ರೆ ಮೇಜಿನ ಹತ್ರ ಬಿಡಲ್ಲ. ಅಡುಗೆಮನೆ ಮೂಲೇಲಿ ಅವನ ತಟ್ಟೆ ಇಟ್ಟಿದ್ದೀವಿ. ಒಂದು ನಿಮಿಷದಲ್ಲಿ ಮುಗಿಸಿ ತಟ್ಟೇನೂ ನೆಕ್ತಾನೆ.”

“ಮೂಲೇಲಿ...” ಎಂದರು ಮಿಸೆಸ್ ಟ್ಯಾಪ್ಸ್‌ಕಾಟ್.

“ಮಲಗೋದು ಮೊದಲು ಹೊರಗೇ. ಚಳಿಗಾಲದಲ್ಲಿ ರಾತ್ರಿಯೆಲ್ಲ ಅಳ್ತಿದ್ದ, ಅಕ್ಕಪಕ್ಕದೋರು ಬೈದ್ರು. ಈಗ ನಮ್ಮ ಹಾಸಿಗೆ ಮೇಲೇ, ನನ್ನ ಕಾಲ ಹತ್ರ ಮಲಗ್ತಾನೆ.”

“ಈಗಲೂನಾ?”

“ನಿನ್ನೆ ರಾತ್ರೀನೂ.”

ಮಿಸೆಸ್ ಟ್ಯಾಪ್ಸ್‌ಕಾಟ್ ಗಂಡನ ಕಡೆ ನೋಡಿದರು. ಆಂಬ್ರೋಸರಿಗೆ ‘ರಾತ್ರಿ’ ಎಂಬುದಷ್ಟು ಕೇಳಿಸಿತ್ತು. ಏನಾದರೂ ಮಾತಾಡಬೇಕಲ್ಲ ಎಂದು ಅವರು ಗಂಟಲು ಸರಿಮಾಡಿಕೊಂಡು, “ಹುಡುಗ ಚರ್ಚಿಗೆ ಹೋಗ್ತಾನಾ?” ಎಂದರು.

“ಒಂದ್ಸಲ ಕರ್ಕೊಂಡು ಹೋಗಿದ್ವಿ,” ಎಂದ ಡೆಸ್ಮಂಡ್ ಗಟ್ಟಿಯಾಗಿ. “ಆರ್ಗನ್ ಶುರು ಆಗಿದ್ದೇ ತಡ, ಕತ್ತು ಮೇಲೆತ್ತಿ ಊಳಿಡೋಕೆ ಹಿಡಿದ. ಆಮೇಲೆ ಹೊರಗೆ ಹೋಗಿ ಒಂದು ಗೋರಿ ಅಗೆದ.”

“ಹಾಡ್ತಾನಂತೆ!” ಎಂದು ಆಂಬ್ರೋಸ್ ಹೆಂಡತಿಗೆ ಸಂತೋಷದಿಂದ ತಿಳಿಸಿದರು.

ಇಷ್ಟೊತ್ತಿಗೆ ಪ್ರೂಡೆನ್ಸ್ ನಿಂಬೆಯ ಕೇಕು ಮುಗಿಸಿ, ಅಕ್ರೋಟಿನದಕ್ಕೆ ಕೈ ಹಾಕಿದ್ದಳು. ಅವಳ ಕನ್ನಡಕ ಮಿಸೆಸ್ ಟ್ಯಾಪ್ಸ್‌ಕಾಟ್‌ರಿಂದ ಡೆಸ್ಮಂಡ್‌ಗೆ, ಡೆಸ್ಮಂಡ್‌ನಿಂದ ಮಿಸೆಸ್ ಟ್ಯಾಪ್ಸ್‌ಕಾಟ್‌ರಿಗೆ, ಟೆನ್ನಿಸ್ ಆಟ ನೋಡುವವರ ಹಾಗೆ ತಿರುಗುತ್ತಿತ್ತು. ಬಾಯಿ ಮಾತ್ರ ತೆರೆದದ್ದು ಕೇಕಿಗೆ.

ಬೇಲಿಯ ಆಚೆಯಿಂದ ಮಿಸ್ ಕ್ರಂಪ್ ತಡೆಯಲಾರದೆ ಕೇಳಿದರು: “ಸ್ವಭಾವ ಹೇಗೆ? ಶಾಂತ ತಾನೆ?”

“ಬಹಳ ಶಾಂತ. ಹೋದ ತಿಂಗಳು ಪೋಸ್ಟ್‌ಮ್ಯಾನ್‌ಗೆ ಕಚ್ಚಿದ್ದು ಬಿಟ್ಟರೆ.”

“ಕಚ್ಚಿದ್ನಾ!”

“ಜೋರಾಗೇನಲ್ಲ. ಪ್ಯಾಂಟು ಹರೀತು ಅಷ್ಟೆ. ತಪ್ಪು ನಮ್ಮವನದೇ ಅನ್ನಿ. ಯೂನಿಫಾರ್ಮ್ ಕಂಡ್ರೆ ರೂಫಸ್‌ಗೆ ಆಗಲ್ಲ. ನಾನೇ ಪೇಪರ್ ಸುತ್ತಿ ಮೂಗಿನ ಮೇಲೆ ಎರಡು ಕೊಟ್ಟೆ. ಇಡೀ ದಿನ ಸೋಫಾ ಕೆಳಗೆ ಕೂತಿದ್ದ.”

ಮಿಸೆಸ್ ಟ್ಯಾಪ್ಸ್‌ಕಾಟ್‌ರ ಕಣ್ಣಲ್ಲಿ ನೀರು. ಒಂದು ಕಣ್ಣಿನದು ಕರುಣೆಯದು, ಇನ್ನೊಂದರದು ಸಿಟ್ಟಿನದು. ಆದರೂ ತಾಯಿಯ ಜೀವ ಕೊನೆಯ ಆಸೆಯೊಂದನ್ನು ಹಿಡಿದುಕೊಂಡಿತು. “ಹೋಗಲಿ ಬಿಡಿ. ಮುಂದೆ ಪುಟ್ಟ ಪುಟ್ಟ ರೂಫಸ್‌ಗಳು ಈ ತೋಟದಲ್ಲಿ ಓಡಾಡಿಕೊಂಡಿದ್ರೆ ಇದೆಲ್ಲ ಮರೆತುಹೋಗುತ್ತೆ.”

“ಆ ಆಸೆ ಇಟ್ಕೋಬೇಡಿ,” ಎಂದ ಡೆಸ್ಮಂಡ್, ಸ್ಕೋನಿಗೆ ಕೆನೆ ಬಳಿಯುತ್ತ. “ಹೋದ ವರ್ಷವೇ ಡಾಕ್ಟರ ಹತ್ರ ಕರ್ಕೊಂಡು ಹೋಗಿ ಆಪರೇಷನ್ ಮಾಡಿಸಿಬಿಟ್ವಿ. ಬೀದೀಲಿರೋ ಹೆಣ್ಣುಗಳ ಹಿಂದೆಲ್ಲ ಅಲೀತಿದ್ದ. ದಿನಾ ಒಬ್ಬರಲ್ಲ ಒಬ್ಬರು ದೂರು.”

ಬೇಲಿಯ ಆಚೆ ಕತ್ತರಿ ನೆಲಕ್ಕೆ ಬಿದ್ದ ಸದ್ದಾಯಿತು.

“ಅವನನ್ನ... ಒಂದು ಮಾತು ಕೇಳಿದ್ರಾ?” ಎಂದರು ಮಿಸೆಸ್ ಟ್ಯಾಪ್ಸ್‌ಕಾಟ್.

“ಕೇಳೋದೇನು? ಒಂದು ಬಿಸ್ಕತ್ತು ತೋರಿಸ್ದೆ, ಕಾರು ಹತ್ತಿದ.”

ಮಿಸೆಸ್ ಟ್ಯಾಪ್ಸ್‌ಕಾಟ್ ಎದ್ದು ನಿಂತರು. ಡೆಸ್ಮಂಡ್‌ನ ಕೈಗೆಟುಕದಂತೆ ಕೆನೆಯ ಬಟ್ಟಲನ್ನು ಎತ್ತಿ ಮೇಜಿನ ಆ ತುದಿಗೆ ಇಟ್ಟರು. ಇಂಗ್ಲಿಷ್ ಗೃಹಿಣಿಯೊಬ್ಬಳು ಯುದ್ಧ ಸಾರುವುದು ಹೀಗೆಯೇ.

“ಮನುಷ್ಯರು ಮಾಡೋ ಕೆಲಸಾನಾ ಇದು? ನೀವು ಮನುಷ್ಯರಾ?”

ಡೆಸ್ಮಂಡ್ ಹೆಂಡತಿಯ ಕಡೆ ಬಾಗಿ, “ಪ್ರಾಣಿದಯಾ ಸಂಘದವರು ಅಂತ ಕಾಣುತ್ತೆ. ಎದುರು ಮಾತಾಡಬೇಡ,” ಎಂದು ಪಿಸುಗುಟ್ಟಿದ. ಆಮೇಲೆ ಸಮಾಧಾನದ ದನಿಯಲ್ಲಿ, “ನೋವೇನೂ ಆಗಲಿಲ್ಲಮ್ಮ. ಎರಡೇ ದಿನ. ಕೆರೆದುಕೊಳ್ಳಬಾರದು ಅಂತ ಕತ್ತಿಗೆ ಒಂದು ಪ್ಲಾಸ್ಟಿಕ್ ಲಾಳಿಕೆ ಹಾಕಿದ್ರು,” ಎಂದ.

ಸರಿಯಾಗಿ ಆ ಹೊತ್ತಿಗೆ ಗೇಟು ತೆರೆಯಿತು. ರೋವೆನಾ ಬಂದಳು. ಅವಳ ಹಿಂದೆ ಆರಡಿ ಎತ್ತರದ, ಕೆಂಚು ಗಡ್ಡದ, ಸಾಧು ಮುಖದ ತರುಣನೊಬ್ಬ ಹೂಗುಚ್ಛ ಹಿಡಿದು ಬಂದ. ಮಿಸೆಸ್ ಟ್ಯಾಪ್ಸ್‌ಕಾಟ್ ಓಡಿಹೋಗಿ ಹೂವಿನ ಸಮೇತ ಅವನನ್ನು ತಬ್ಬಿಕೊಂಡರು.

“ಬಾರಪ್ಪಾ ಮಗನೇ! ಇಲ್ಲಿ ಕೂತ್ಕೊ. ಮೇಜಿನ ಹತ್ರ ಕೂತ್ಕೊ! ಈ ಮನೇಲಿ ನಿನ್ನ ಯಾರೂ ಮೂಲೇಲಿ ಕೂರಿಸಲ್ಲ. ಹೊರಗೆ ಮಲಗಿಸಲ್ಲ. ಮೂಗಿನ ಮೇಲೆ ಹೊಡೆಯಲ್ಲ.”

ರೂಫಸ್ ಎಂಟ್‌ವಿಸಲ್ ರೋವೆನಾಳ ಮುಖ ನೋಡಿದ. “ತುಂಬಾ ಉಪಕಾರ,” ಎಂದ. ಒಳ್ಳೆಯ ಸಂಸ್ಕಾರದ ಹುಡುಗ.

“ಅಮ್ಮಾ, ಏನಾಗಿದೆ ನಿನಗೆ?” ಎಂದಳು ರೋವೆನಾ. “ಇವರೆಲ್ಲ ಯಾರು?”

“ಯಾರು ಅಂದ್ರೆ? ರೂಫಸ್‌ನ ಅಪ್ಪ ಅಮ್ಮ!”

ರೂಫಸ್ ಮೇಜಿನ ಸುತ್ತ ಕೂತಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದ. “ಇವರು ನನ್ನ ಅಪ್ಪ ಅಮ್ಮ ಅಲ್ಲ,” ಎಂದ ಮೆಲ್ಲಗೆ.

ಮಿಸೆಸ್ ಟ್ಯಾಪ್ಸ್‌ಕಾಟ್ ಅವನ ಕೈ ಒತ್ತಿ ಹಿಡಿದು ಗಳಗಳ ಅತ್ತರು. “ಗೊತ್ತು ಮಗು. ಎಲ್ಲ ಹೇಳಿದ್ರು. ಆ ರಟ್ಟಿನ ಪೆಟ್ಟಿಗೆ ವಿಷಯಾನೂ ಹೇಳಿದ್ರು. ನಿನಗೂ ಗೊತ್ತಿತ್ತಾ? ಮನಸ್ಸಿನಲ್ಲೇ ಇಟ್ಟುಕೊಂಡು ಎಷ್ಟು ಕೊರಗಿದ್ದೀಯೋ!”

ಡೆಸ್ಮಂಡ್‌ನ ಬಾಯಲ್ಲಿದ್ದ ಸ್ಕೋನು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಈ ಚಹಾದಂಗಡಿಯ ಯಜಮಾನಿ ಆರಡಿಯ ಗಂಡಸನ್ನು ನನ್ನ ಮಗನೆಂದು ಏಕೆ ಹೇಳುತ್ತಿದ್ದಾಳೆ? ಅವನಿಗೂ ರೂಫಸ್ ಎಂದು ಏಕೆ ಹೆಸರು? ಡೆಸ್ಮಂಡ್‌ನ ತಲೆಯಲ್ಲಿ ಏನೋ ಒಂದು ನಿಧಾನವಾಗಿ, ಕಾರ್ಪೆಟ್ ಸುರುಳಿ ಬಿಚ್ಚಿದ ಹಾಗೆ ಬಿಚ್ಚತೊಡಗಿತು. ಮ್ಯೂರಿಯಲ್‌ಳ ತಲೆಯಲ್ಲಿ ಅದು ಪೂರ್ತಿ ಬಿಚ್ಚಿಯೇ ಹೋಗಿತ್ತು. ಅವಳು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಆಗ ಪ್ರೂಡೆನ್ಸ್ ಖಾಲಿ ತಟ್ಟೆಯನ್ನು ಪಕ್ಕಕ್ಕಿಟ್ಟು, ತುಟಿ ಒರೆಸಿಕೊಂಡು, ಇಡೀ ಶಾಲೆಯನ್ನು ಗಪ್ಪಾಗಿಸುತ್ತಿದ್ದ ದನಿಯಲ್ಲಿ ಹೇಳಿದಳು:

“ಮಿಸೆಸ್ ಟ್ಯಾಪ್ಸ್‌ಕಾಟ್, ನಮ್ಮ ರೂಫಸ್‌ಗೆ ನಾಲ್ಕು ಕಾಲು.”

ಮಿಸೆಸ್ ಟ್ಯಾಪ್ಸ್‌ಕಾಟ್ ತಾವು ಕೈ ಹಿಡಿದಿದ್ದ ಹುಡುಗನ ಕಾಲು ಎಣಿಸಿದರು.

“ಮತ್ತು ಒಂದು ಬಾಲ,” ಎಂದು ಸೇರಿಸಿದಳು. “ನನ್ನ ತಂಗಿಯ ಗಂಡ ಇದನ್ನು ಚಹಾದಂಗಡಿ ಅಂದ್ಕೊಂಡ.”

“ನಾಯಿ!” ಎಂದು ಬೇಲಿಯ ಆಚೆಯಿಂದ ಮಿಸ್ ಕ್ರಂಪ್ ಕೂಗಿದರು. ಅವರ ದನಿಯಲ್ಲಿ ತುಸು ನಿರಾಶೆಯಿತ್ತು.

“ನಾಯಿ ಬಂತಾ? ಎಲ್ಲಿ?” ಎಂದು ಆಂಬ್ರೋಸ್ ಮೇಜಿನ ಕೆಳಗೆ ಬಗ್ಗಿ ನೋಡಿದರು.

ಡೆಸ್ಮಂಡ್ ಎದ್ದು ನಿಂತ. ಅವನ ಮುಖ ಜಾಮಿನ ಬಣ್ಣಕ್ಕೆ ತಿರುಗಿತ್ತು. ಈಗ ತನ್ನನ್ನು ಕತ್ತು ಹಿಡಿದು ನೂಕುತ್ತಾರೆ, ಪೊಲೀಸರನ್ನು ಕರೆಯುತ್ತಾರೆ, ಯೂನಿಫಾರ್ಮ್ ಕಂಡರೆ ತನಗೂ ಆಗುವುದಿಲ್ಲ ಎಂದೆಲ್ಲ ಅವನಿಗೆ ಹೊಳೆಯಿತು. “ನಾನು... ಬೋರ್ಡು ಇರಲಿಲ್ಲ... ಅದಕ್ಕೇ...” ಎಂದ.

ಮಿಸೆಸ್ ಟ್ಯಾಪ್ಸ್‌ಕಾಟ್ ಒಂದು ಕ್ಷಣ ಅವನನ್ನು ನೋಡಿದರು. ಆಮೇಲೆ ರೂಫಸ್‌ನನ್ನು ನೋಡಿದರು. “ಅಂದ್ರೆ ನೀನು ಪೋಸ್ಟ್‌ಮ್ಯಾನ್‌ಗೆ ಕಚ್ಚಿಲ್ಲ?”

“ಇಲ್ಲ.”

“ಗೋರಿ ಅಗೆದಿಲ್ಲ?”

“ಇಲ್ಲ.”

“ಮತ್ತೆ ಆ... ಡಾಕ್ಟರು...?”

“ಅಮ್ಮಾ!” ಎಂದಳು ರೋವೆನಾ.

ಮಿಸೆಸ್ ಟ್ಯಾಪ್ಸ್‌ಕಾಟ್ ಕುರ್ಚಿಗೆ ಕುಸಿದು ನಗತೊಡಗಿದರು. ನಕ್ಕರು, ಅತ್ತರು, ಮತ್ತೆ ನಕ್ಕರು. ಆ ನಗು ಮ್ಯೂರಿಯಲ್‌ಗೆ ಹತ್ತಿತು, ರೋವೆನಾಗೆ ಹತ್ತಿತು, ಬೇಲಿ ದಾಟಿ ಮಿಸ್ ಕ್ರಂಪ್‌ಗೂ ಹತ್ತಿತು. ಏಕೆಂದು ತಿಳಿಯದಿದ್ದರೂ ಆಂಬ್ರೋಸ್ ಎಲ್ಲರಿಗಿಂತ ಜೋರಾಗಿ ನಕ್ಕರು.

ಈ ಗದ್ದಲದ ನಡುವೆ ಓಣಿಯಲ್ಲಿ ‘ಧಡ್’ ಎಂದು ಏನೋ ಬಡಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಚಿಕ್ಕ ಆಕಾರದ ಗಂಡಹೆಂಡತಿ ಇಬ್ಬರು ಗೇಟಿನ ಬಳಿ ಬಂದು, ಒಳಗೆ ಬರಲು ಧೈರ್ಯವಿಲ್ಲದೆ ನಿಂತರು. ನಿಜವಾದ ಎಂಟ್‌ವಿಸಲ್ ದಂಪತಿ ಇವರು. ದಾರಿ ತಪ್ಪಿ ಮೂರು ಊರು ಸುತ್ತಿದ್ದರು. ಫೋನ್ ಮಾಡೋಣವೆಂದರೆ ಲಿಟಲ್ ಡ್ಯಾಬ್‌ಕೋಟ್‌ನಲ್ಲಿ ಚರ್ಚಿನ ಗೋರಿಗಳ ನಡುವೆ ನಿಂತವರಿಗೆ ಬಿಟ್ಟರೆ ಬೇರೆಯವರಿಗೆ ಸಿಗ್ನಲ್ ಸಿಗುವುದಿಲ್ಲ.

“ಕ್ಷಮಿಸಬೇಕು,” ಎಂದರು ಮಿಸ್ಟರ್ ಎಂಟ್‌ವಿಸಲ್, ಟೋಪಿ ಹಿಂಡುತ್ತ. “ತುಂಬಾ ತಡವಾಯ್ತು. ಕಾರು ತಿರುಗಿಸೋವಾಗ ನಿಮ್ಮ ಗೇಟಿನ ಕಲ್ಲುಕಂಬಕ್ಕೆ ತಾಗಿ ಕಂಬ ಬಿತ್ತು.”

“ಅಷ್ಟೇನಾ!” ಎಂದರು ಮಿಸೆಸ್ ಟ್ಯಾಪ್ಸ್‌ಕಾಟ್, ಪರಮಾನಂದದಿಂದ. “ಬನ್ನಿ, ಬನ್ನಿ! ಇನ್ನೊಂದು ಕಂಬಾನೂ ಬೀಳಿಸಿದ್ರೆ ಜೋಡಿ ಸರಿಹೋಗ್ತಿತ್ತು.”

ಬೀಗರು ದಿಕ್ಕುತಪ್ಪಿದವರಂತೆ ಒಳಗೆ ಬಂದರು. ಮಿಸೆಸ್ ಎಂಟ್‌ವಿಸಲ್ ಗಂಡನನ್ನು ಮೊಣಕೈಯಿಂದ ತಿವಿದು, ಹೇಳುವುದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸೋಣವೆಂದು, “ನಾವು ಕೇಕು ಮಾಡ್ಕೊಂಡು ಬಂದಿದ್ವಿ, ಅದರ ಮೇಲೆ ಇವರು ಕೂತ್ಬಿಟ್ರು,” ಎಂದರು.

“ಅಷ್ಟೇನಾ!”

ರೂಫಸ್ ಇದನ್ನೆಲ್ಲ ನೋಡುತ್ತಿದ್ದ. ಇಂಥ ಗಳಿಗೆ ಜೀವಮಾನದಲ್ಲಿ ಇನ್ನೊಮ್ಮೆ ಬರುವುದಿಲ್ಲವೆಂದು ಅವನಿಗೆ ಹೊಳೆದಿರಬೇಕು. ರೋವೆನಾ ಬೇಡ ಬೇಡವೆಂದು ಕಣ್ಸನ್ನೆ ಮಾಡುತ್ತಿದ್ದರೂ ಎದ್ದು ನಿಂತ. “ನಾನೂ ಒಂದು ಮಾತು ಹೇಳಬೇಕು. ಬ್ಯಾಂಕಿನ ಕೆಲಸ ಬಿಟ್ಟುಬಿಟ್ಟೆ. ಹೋದ ತಿಂಗಳೇ. ಬ್ರೆಡ್ ಸುಡೋದು ಕಲೀತಾ ಇದ್ದೀನಿ. ಸ್ವಂತ ಬೇಕರಿ ಇಡಬೇಕು ಅಂತ. ಹೇಗೆ ಹೇಳೋದು ಅಂತ ನಾವಿಬ್ಬರೂ ಹೆದರಿಕೊಂಡಿದ್ವಿ.”

ಅವನ ತಂದೆತಾಯಿಗೂ ಇದು ಹೊಸ ಸುದ್ದಿಯಾಗಿತ್ತು. ಮಿಸ್ಟರ್ ಎಂಟ್‌ವಿಸಲ್‌ರ ಟೋಪಿ ನೆಲಕ್ಕೆ ಬಿತ್ತು. ಎಲ್ಲರೂ ಮಿಸೆಸ್ ಟ್ಯಾಪ್ಸ್‌ಕಾಟ್‌ರ ಕಡೆ ನೋಡಿದರು. ಬೇರೆ ಯಾವುದೇ ಶನಿವಾರ ಈ ಮಾತು ಹೇಳಿದ್ದರೆ ಅವರು ಮಲಗುವ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡು ಎರಡು ದಿನ ಹೊರಗೆ ಬರುತ್ತಿರಲಿಲ್ಲ. ಅಳಿಯನಾಗುವವನು ಬ್ಯಾಂಕಿನಲ್ಲಿದ್ದಾನೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಆದರೆ ಈ ಶನಿವಾರ ಅವರು ಆ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಎರಡು ಕಾಲು, ಸ್ವಂತ ಅಪ್ಪ ಅಮ್ಮ, ಕಚ್ಚುವ ಚಾಳಿಯಿಲ್ಲ.

“ಅಷ್ಟೇನಾ ಮಗನೇ!” ಎಂದರು. “ಬ್ರೆಡ್ ಒಳ್ಳೇದು. ಬ್ರೆಡ್ ಯಾರಿಗೆ ಬೇಡ?”

ರೋವೆನಾ ತಾಯಿಯ ಕುತ್ತಿಗೆಗೆ ಜೋತುಬಿದ್ದಳು. ತಿಂಗಳಿಂದ ನಿದ್ದೆಗೆಟ್ಟಿದ್ದ ಹುಡುಗಿ. ಅಳುತ್ತಲೇ ಡೆಸ್ಮಂಡ್‌ನ ಕಡೆ ತಿರುಗಿ, “ನೀವು ಯಾರೋ ಗೊತ್ತಿಲ್ಲ ಸರ್, ಆದ್ರೆ ದೇವರು ಕಳಿಸಿದ ಹಾಗೆ ಬಂದ್ರಿ,” ಎಂದಳು. ಡೆಸ್ಮಂಡ್ “ಪರವಾಗಿಲ್ಲ” ಎಂದು ಉತ್ತರ ಕೊಡಲು ಬಾಯಿ ತೆರೆದ. ಮ್ಯೂರಿಯಲ್ ಅವನ ಕಾಲು ತುಳಿದಳು.

ಮೂವರನ್ನೂ ಆ ಮನೆಯವರು ಸುಲಭಕ್ಕೆ ಬಿಡಲಿಲ್ಲ. ಹೊಸದಾಗಿ ಚಹಾ ಆಯಿತು. ಮಿಸ್ ಕ್ರಂಪ್ ಬೇಲಿಯ ಸಂದಿಯಿಂದಲೇ ನುಸುಳಿ ಬಂದು ಕೂತರು. ಡೆಸ್ಮಂಡ್ ಮತ್ತು ಮಿಸ್ಟರ್ ಎಂಟ್‌ವಿಸಲ್ ಸೇರಿ ಬಿದ್ದ ಕಂಬವನ್ನು ಎತ್ತಿ ನಿಲ್ಲಿಸಿದರು; ಅದು ವಾಲಿಕೊಂಡೇ ನಿಂತಿತು. ಡೆಸ್ಮಂಡ್‌ನ ಕಡೆಗೆ ಕೆನೆಯ ಬಟ್ಟಲು ತಾನಾಗಿಯೇ ವಾಪಸ್ಸು ಬಂತು. ಸಂಜೆಯ ಬಿಸಿಲು ಸೇಬಿನ ಮರದ ಕೆಳಗಿಳಿದಾಗ ಎಲ್ಲರೂ ಗೇಟಿನವರೆಗೆ ಬಂದು ಕೈ ಬೀಸಿದರು.

ಕಾರು ಊರು ದಾಟಿತು. ಹಿಂದಿನ ಸೀಟಿನಿಂದ ಇನ್ನೇನು ಗುಡುಗು ಬರುತ್ತದೆಂದು ಡೆಸ್ಮಂಡ್ ಭುಜ ಕುಗ್ಗಿಸಿಕೊಂಡು ಕಾರು ನಡೆಸುತ್ತಿದ್ದ.

“ಡೆಸ್ಮಂಡ್,” ಎಂದಳು ಪ್ರೂಡೆನ್ಸ್. “ಆ ಮನೆ ನಿನಗೆ ಮೊದಲೇ ಗೊತ್ತಿತ್ತಾ?”

ಡೆಸ್ಮಂಡ್ ಕನ್ನಡಿಯಲ್ಲಿ ಆ ಕನ್ನಡಕವನ್ನು ನೋಡಿದ. ಹೆಂಡತಿಯನ್ನು ನೋಡಿದ. ರಸ್ತೆಯನ್ನು ನೋಡಿದ.

“ಗೊತ್ತಿರಲಿಲ್ಲ,” ಎಂದ.

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಆಕಾಶ ಬೀಳಲಿಲ್ಲ. ಎದೆಯ ಮೇಲಿಂದ ಯಾರೋ ಕಾರ್ಪೆಟ್ಟಿನ ಕಟ್ಟು ಇಳಿಸಿದ ಹಾಗಾಯಿತು. ಮ್ಯೂರಿಯಲ್ ಕೈ ಚಾಚಿ ಅವನ ತೋಳು ಸವರಿದಳು.

“ನನಗೂ ಹಾಗೇ ಅನ್ನಿಸ್ತು,” ಎಂದಳು ಪ್ರೂಡೆನ್ಸ್. “ಆಕೆ ರಟ್ಟಿನ ಪೆಟ್ಟಿಗೆ ಕೇಳಿ ಚಮಚ ಬೀಳಿಸಿದಾಗಲೇ ಎಲ್ಲ ತಿಳೀತು.”

ಕಾರು ಒಂದು ಸಲ ಅತ್ತಿತ್ತ ಓಲಾಡಿತು. “ಆಗಲೇನಾ! ಮತ್ತೆ ಯಾಕೆ ಹೇಳಲಿಲ್ಲ? ಅಷ್ಟು ಹೊತ್ತು ನನ್ನ ಮಾನ ಹೋಗ್ತಾ ಇತ್ತು!”

ಮುಖ್ಯೋಪಾಧ್ಯಾಯಿನಿ ಕಿಟಕಿಯಿಂದಾಚೆ, ಬಿಸಿಲಲ್ಲಿ ಮೇಯುತ್ತಿದ್ದ ಕುರಿಗಳನ್ನು ಶಾಂತವಾಗಿ ನೋಡುತ್ತ ಕೂತಿದ್ದಳು.

“ಶುಂಠಿ ಕೇಕು ಇನ್ನೂ ನನ್ನ ಕಡೆ ಬಂದಿರಲಿಲ್ಲ,” ಎಂದಳು.